ಮಳೆ ಕೆಲಸಕ್ಕೆ ಹೊರಡೋ ಹುಡುಗರಿಗೆ ಒಂದು ಮಾತು

ಮೂಡಿಗೆರೆ, ಸಕಲೇಶಪುರ ಕಡೆ ಮತ್ತೆ ಮಳೆ ಹಿಡಿದಿದೆ. ಮಳೆಯಲ್ಲಿ ಸಿಕ್ಕಿಕೊಂಡವರಿಗೆ ನೆರವಾಗೋ ಕೆಲಸಕ್ಕೆ "ನಾನೂ ಬರ್ತೀನಿ" ಅಂತ ನಮ್ಮ ಗುಂಪಿನಲ್ಲಿ ಬರೆಯೋರನ್ನು ನೋಡಿ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗಿದ್ದಾಗ ಮನೆಯಲ್ಲಿ ಹೇಳದೆ ಅಕ್ಕಿ ಮೂಟೆ ಹೊರಲು ಓಡಿದವನು ನಾನು, ಅಮ್ಮನಿಂದ ಬೈಸಿಕೊಂಡಿದ್ದು ಇನ್ನೂ ನೆನಪಿದೆ.

ಮೊದಲು ಪಂಚಾಯಿತಿಯಲ್ಲೋ ತಾಲೂಕು ಕಚೇರಿಯಲ್ಲೋ ಹೆಸರು ಬರೆಸಿ. ಒಬ್ಬರೇ ಹೋಗಬೇಡಿ.

ಹರಿಯುವ ನೀರು ಅರ್ಧ ಅಡಿ ಇದ್ದರೂ ಕಾಲು ಕೀಳುತ್ತದೆ. ಗಂಬೂಟು ಇದೆಯಲ್ಲ ಅಂತ ಇಳಿಯಬೇಡಿ, ಅದರೊಳಗೆ ನೀರು ತುಂಬಿದರೆ ಕಾಲು ಎತ್ತೋಕೇ ಆಗಲ್ಲ. ಸೇತುವೆ ಮುಳುಗಿದ್ದರೆ ಬೈಕ್ ವಾಪಸ್ ತಿರುಗಿಸಿ.

ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು, ಕುಸಿಯೋ ವಿಷಯದಲ್ಲಿ ಇನ್ನೂ ಜೋಪಾನ. ಒಂದು ಸಲ ಜಾರಿದ ಗುಡ್ಡ ಮತ್ತೆ ಜಾರಬಹುದು. ನೆಲದಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಗಾಗೋದು, ಇದರಲ್ಲಿ ಒಂದು ಕಂಡರೂ ಸಾಮಾನು ಅಲ್ಲೇ ಬಿಟ್ಟು ಪಕ್ಕಕ್ಕೆ ಓಡಿ, ಇಳಿಜಾರಿನ ಕೆಳಕ್ಕಲ್ಲ. ಸೆಲ್ಫಿ ಹೀರೋಗಳೇ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಕರೆಂಟ್ ತಂತಿ ಬಿದ್ದಿದ್ದರೆ ಕೋಲಿನಿಂದಲೂ ಮುಟ್ಟಬೇಡಿ. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ 112.

ಇಂಬಳ (ಜಿಗಣೆ) ಕಚ್ಚಿದ್ದು, ಗಾಯ, ಏನೇ ಇದ್ದರೂ ಅದರ ಮೇಲೆ ಪಟ್ಟಿ ಹಾಕಿಕೊಂಡೇ ಕೆಸರಿಗಿಳಿಯಿರಿ. ಇಲಿ ಜ್ವರ ಹೆಚ್ಚಾಗಿ ಮೈಯೊಳಗೆ ಸೇರೋದು ಇಂಥ ಗಾಯದಿಂದಲೇ. ಮುಂಜಾಗ್ರತೆ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು ಬಂದರೆ ಕೆಸರಲ್ಲಿ ಕೆಲಸ ಮಾಡಿದ್ದನ್ನು ಅವರಿಗೆ ತಪ್ಪದೆ ಹೇಳಿ. ಆಮೇಲೆ ಫೋನ್ ಚಾರ್ಜ್ ಉಳಿಸಿ, ರೀಲ್ಸ್ ಮನೆಗೆ ಬಂದು ನೋಡಿದರಾಯಿತು.