ದಂಡದ ರಸೀದಿ ಹಿಡಿದು ಮುತ್ತಜ್ಜಿಯನ್ನು ಹುಡುಕಿದ್ದು

ನನ್ನ ಮುತ್ತಜ್ಜಿ ಈ ಭೂಮಿಯ ಮೇಲೆ ಇದ್ದಳೆಂದು ಸರ್ಕಾರ ಒಪ್ಪಿಕೊಂಡ ಕಾಗದ ನಮ್ಮ ಮನೆಯಲ್ಲಿ ಒಂದೇ ಇತ್ತು. ಅದು ಆಕೆ ಅನಧಿಕೃತ ಸಾಗುವಳಿಗೆ ದಂಡ ಕಟ್ಟಿದ ರಸೀದಿ. ಸರ್ವೆ ನಂಬರು, ವಿಸ್ತೀರ್ಣ, ಮೊತ್ತ, ಆಕೆಯ ಹೆಸರು, ಅದರ ಪಕ್ಕದಲ್ಲಿ ‘ಕೋಂ’, ಅಂದರೆ ಇಂಥವನ ಹೆಂಡತಿ, ಎಂದು ಬರೆದು ಗಂಡನ ಹೆಸರು. ಗಂಡ ಆ ಹೊತ್ತಿಗೆ ಸತ್ತು ಕೆಲವು ವರ್ಷಗಳಾಗಿದ್ದವು. ಅಪ್ಪ ಈ ರಸೀದಿಯನ್ನು ಪ್ಲಾಸ್ಟಿಕ್ ಹೊದಿಸಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಅಜ್ಜಿಯ ನೆನಪಿಗಾಗಿ ಅಲ್ಲ. ಬಗರ್‌ಹುಕುಂ, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನಿನ, ಸಕ್ರಮಕ್ಕೆ ನಮೂನೆ 53ರ ಅರ್ಜಿ ಹಾಕಿದಾಗ, ಜಮೀನು ನಾವೇ ಉಳುತ್ತಿದ್ದೆವು ಎನ್ನುವುದಕ್ಕೆ ಅದೇ ಸಾಕ್ಷಿಯಾಗಿತ್ತು. ಕಾಡು ಕಡಿದು ಗದ್ದೆ ಮಾಡಿದವಳನ್ನು ಕಾಗದ ನೆನಪಿಟ್ಟುಕೊಂಡದ್ದು ಅಪರಾಧಿಯಾಗಿ. ನಾನು ಹುಡುಕಾಟ ಆರಂಭಿಸಿದ್ದು ಆ ಅಪರಾಧದಿಂದಲೇ.

ನಮ್ಮದು ಸಾಗರ ತಾಲ್ಲೂಕಿನ ಶರಾವತಿ ದಂಡೆಯ ದೀವರ ಸಮುದಾಯದ ಮನೆತನ. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ. ಅದಕ್ಕಿಂತ ದೊಡ್ಡದಾದ ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಮೊದಲನೆಯದು ನಮ್ಮವರ ಗದ್ದೆಯನ್ನು ಮುಳುಗಿಸಿತು, ಎರಡನೆಯದು ಮನೆಯನ್ನು. ಎರಡನೆಯ ಮುಳುಗಡೆಗೆ ಮುನ್ನ ಲಾರಿಯಲ್ಲಿ ಪಾತ್ರೆ, ದನ, ಮಕ್ಕಳನ್ನು ತುಂಬಿ ಶಿವಮೊಗ್ಗ ತಾಲ್ಲೂಕಿನ ಕಾಡಿನಲ್ಲಿ ಇಳಿಸಿದರು. ಇಳಿದವರಲ್ಲಿ ಮುತ್ತಜ್ಜಿ, ಆಕೆಯ ಇಬ್ಬರು ಗಂಡುಮಕ್ಕಳು ಇದ್ದರು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರು ಬೇಡ ಎಂದಿದ್ದಾರೆ.

ಹಳ್ಳಿಯ ಹೆಂಗಸನ್ನು ದಾಖಲೆಯಲ್ಲಿ ಹುಡುಕುವವರಿಗೆ ನಾನು ಹೇಳುವ ಮಾತು ಒಂದೇ. ಆಕೆಯ ಹುಟ್ಟು, ಮದುವೆ, ಸಾವುಗಳ ಹಿಂದೆ ಓಡಬೇಡಿ. ಅವು ಕಾಗದದ ಮೇಲೆ ಇರುವುದೇ ಅಪರೂಪ. ಗಂಡಸು ಇಲ್ಲವಾದ ಜಾಗವನ್ನು ಹುಡುಕಿ. ಗಂಡ ಸತ್ತ ವರ್ಷ, ಮಗ ಅಪ್ರಾಪ್ತನಾಗಿದ್ದ ಕಾಲ, ಅಣ್ಣತಮ್ಮಂದಿರು ಪಾಲಾದ ದಿನ, ಸಾಲ ತೀರದೆ ಜಪ್ತಿಗೆ ಬಂದ ಸಂದರ್ಭ: ಅಲ್ಲೆಲ್ಲ ಬೇರೆ ಗತಿಯಿಲ್ಲದೆ ಗುಮಾಸ್ತ ಹೆಂಗಸಿನ ಹೆಸರು ಬರೆಯುತ್ತಾನೆ. ಹೆಂಗಸು ತಾನಾಗಿಯೇ ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಮೊದಲ ಮಹಾಚುನಾವಣೆಯೇ ಉದಾಹರಣೆ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು, ಮುಖ್ಯವಾಗಿ ಉತ್ತರ ಭಾರತದಲ್ಲಿ, ಮತದಾರರ ಪಟ್ಟಿಯಿಂದ ಕೈಬಿಟ್ಟಿದ್ದರು.

ಹಾಗಾಗಿ ನಾನು ಮೊದಲು ಹಿಡಿದದ್ದು ಗಂಡನ ಹೆಸರನ್ನು. ಅಣೆಕಟ್ಟಿಗೆ ಭೂಮಿ ವಶಪಡಿಸಿಕೊಳ್ಳುವಾಗ ಮೈಸೂರು ಗೆಜೆಟ್‌ನಲ್ಲಿ ಊರೂರಿನ ಸರ್ವೆ ನಂಬರುಗಳನ್ನು ಪ್ರಕಟಿಸುತ್ತಿದ್ದರು, ಖಾತೆದಾರ ಒಬ್ಬ, ಅನುಭವದಾರ ಇನ್ನೊಬ್ಬ ಎಂದು ಬೇರೆ ಬೇರೆ ಕಲಂ ಹಾಕಿ. ನಮ್ಮವರು ಗೇಣಿದಾರರು. ಖಾತೆದಾರರ ಕಲಮಿನಲ್ಲಿ ಕಣ್ಣು ಬಿಟ್ಟು ಹುಡುಕಿದರೂ ಅವರು ಸಿಗುವುದಿಲ್ಲ. ಅನುಭವದಾರರ ಕಲಂ ಓದಬೇಕು. ಅಲ್ಲಿ ಸಿಕ್ಕಿತು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ನಮ್ಮದು. ಭೂಮಿ ಯಾರದು ಎಂಬ ಪ್ರಶ್ನೆಗೆ ಕಾಗದ ಒಂದು ಉತ್ತರ ಕೊಟ್ಟರೆ ನೇಗಿಲು ಇನ್ನೊಂದು ಕೊಡುತ್ತಿದ್ದ ಕಾಲ ಅದು.

ಹೊಸ ಊರಿನ ಪಹಣಿ, ಅಂದರೆ ಜಮೀನಿನ ಮಾಲೀಕ, ಸಾಗುವಳಿದಾರ, ಬೆಳೆಗಳನ್ನು ಬರೆದಿಡುವ ದಾಖಲೆ, ಸುಲಭವಾಗಿತ್ತು. 2000ದ ಸುಮಾರಿಗೆ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದಕ್ಕೂ ಹಿಂದಿನ ಕೈಬರಹದ ಪ್ರತಿ ಬೇಕಾದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ನಕಲು ಅರ್ಜಿ ಹಾಕಬೇಕು. ಸರ್ವೆ ನಂಬರು ಗೊತ್ತಿಲ್ಲದೆ ಹೋದರೆ ಬರಿಗೈಯಲ್ಲಿ ವಾಪಸ್ಸು. ರಸೀದಿಯಲ್ಲಿ ನಂಬರು ಇದ್ದದ್ದರಿಂದ ನನಗೆ ಆ ಕಷ್ಟ ಬರಲಿಲ್ಲ. ಮಾಲೀಕನ ಹೆಸರಿರುವ 9ನೇ ಕಾಲಮ್ಮಿನಲ್ಲಿ ವರ್ಷ ವರ್ಷವೂ ‘ಸರ್ಕಾರ’. ಸಾಗುವಳಿದಾರನ ಹೆಸರಿರುವ 12(2)ರಲ್ಲಿ ಪೆನ್ಸಿಲಿನಲ್ಲಿ, ಮುಂದೆ ಶಾಯಿಯಲ್ಲಿ, ಮುತ್ತಜ್ಜಿ. ಒಂದು ವರ್ಷ ರಾಗಿ, ಮುಂದೆ ಭತ್ತ. ಬೆಳೆಯ ಕಾಲಂ ಬದಲಾದ ವರ್ಷವೇ ಆಕೆ ಕೆರೆಯ ನೀರು ಗದ್ದೆಗೆ ತಿರುಗಿಸಿದ ವರ್ಷ ಎಂದು ಮುಂದೆ ಹಿರಿಯರ ಬಾಯಿಂದ ಗೊತ್ತಾಯಿತು.

ಹಿರಿಯರ ಜೊತೆ ಮಾತಾಡುವುದು ಬೇರೆಯೇ ವಿದ್ಯೆ. ‘ಆಕೆ ಹೇಗಿದ್ದಳು?’ ಎಂದು ಕೇಳಿದರೆ ‘ದೇವರಂಥವಳು’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ‘ಯಾವ ಇಸವಿ?’ ಎಂದರೆ ಸುಮ್ಮನೆ ನಗುತ್ತಾರೆ. ಅವರ ಬಳಿ ಬೇರೆ ಗುರುತುಗಳಿವೆ. ಜೋಗದಲ್ಲಿ ಕರೆಂಟು ಶುರುವಾದದ್ದು 1948. ಕಾಗೋಡಿಗೆ ಪೊಲೀಸರು ಬಂದದ್ದು 1951. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಿಂದೆಯೇ ಮನುಷ್ಯರಿಗೂ ಜ್ವರ ಬಂದದ್ದು 1957. ಈ ಗೂಟಗಳನ್ನು ನಾನು ನೆಟ್ಟುಕೊಂಡು ‘ಅದಕ್ಕೆ ಮೊದಲೋ, ಆಮೇಲೋ?’ ಎಂದಷ್ಟೇ ಕೇಳುತ್ತಿದ್ದೆ. ಸಂವತ್ಸರದ ಹೆಸರು ಹೇಳುವವರು ಸಿಕ್ಕರಂತೂ ಹಬ್ಬ; ಅರವತ್ತು ವರ್ಷದ ಚಕ್ರದಲ್ಲಿ ಲೆಕ್ಕ ಹಾಕಿದರೆ ಇಸವಿ ತಾನಾಗಿ ಬರುತ್ತದೆ.

ಹೆಚ್ಚು ಸಿಕ್ಕಿದ್ದು ಕೆಲಸದ ಬಗ್ಗೆ ಕೇಳಿದಾಗ. ಅದೇ ಲಾರಿಯಲ್ಲಿ ಹುಡುಗಿಯಾಗಿ ಬಂದಿದ್ದ, ಊರಿಗೆಲ್ಲ ದೊಡ್ಡಮ್ಮನಾಗಿರುವ ಒಬ್ಬರನ್ನು, ‘ದೊಡ್ಡಮ್ಮ, ಮೊದಲ ಮಳೆಗಾಲಕ್ಕೆ ಮಾಡಿಗೆ ಏನು ಹೊದಿಸಿದಿರಿ?’ ಎಂದು ಕೇಳಿದೆ. ಅವರು ಎದ್ದು ಕೂತರು. ‘ಅದನ್ನು ಕೇಳು ತಂಗೀ. ಹೊಳೆ ದಂಡೆಯಲ್ಲಿ ಮನೆಗೆ ಅಡಿಕೆ ಸೋಗೆ ಹೊದಿಸಿ ಗೊತ್ತಿತ್ತು ನಮಗೆ. ಇಲ್ಲಿ ಅಡಿಕೆ ಮರ ಎಲ್ಲಿತ್ತು? ಸೋಗೆ ಎಲ್ಲಿಂದ ತರುವುದು? ನಿನ್ನ ಮುತ್ತಜ್ಜಿ ಸಾಗುವಾನಿ ಎಲೆ ಕೊಯ್ದು ಒಂದರ ಮೇಲೊಂದು ಇಟ್ಟು ಬಿದಿರಿನ ದಬ್ಬೆ ಬಿಗಿದಳು. ಗಾಳಿ ಬಂದರೆ ಎಲೆಯೆಲ್ಲ ಹಾರಿ ಹೋಗುತ್ತಿತ್ತು. ಅವಳು ರಾತ್ರಿ ಹೊರಸಿನ ಮೇಲೆ ಮಲಗುತ್ತಿರಲಿಲ್ಲ, ಒಲೆಯ ಮೇಲೆ ಗೋಣಿ ಹಿಡಿದುಕೊಂಡು ಕೂರುತ್ತಿದ್ದಳು. ಒಲೆ ನೆನೆದರೆ ಬೆಳಗ್ಗೆ ಮಕ್ಕಳಿಗೆ ಗಂಜಿ ಇಲ್ಲ.’ ಬಾವಿ ತೋಡಿದ್ದು, ಹಂದಿ ಬಾರದಂತೆ ಅಗಳ ತೆಗೆದದ್ದು, ಹೊಳೆ ದಂಡೆಯಿಂದ ತಂದ ಬೀಜದ ಭತ್ತ ಒಣ ಸೀಮೆಯಲ್ಲಿ ಜೊಳ್ಳಾಗಿ ಪಕ್ಕದೂರಿನವರಿಂದ ರಾಗಿ ಬೀಜ ಕಡ ತಂದದ್ದು, ಎಲ್ಲವೂ ಆ ಒಂದು ಮಾಡಿನ ಪ್ರಶ್ನೆಯಿಂದ ಹೊರಟು ಬಂತು.

ಮುಳುಗಿದ ಊರು ಎಲ್ಲಿತ್ತೆಂದು ತಿಳಿಯಲು ಹಳೆಯ ನಕ್ಷೆ ಬೇಕು. ಅಮೆರಿಕದ ಸೇನಾ ನಕ್ಷೆ ವಿಭಾಗ 1950ರ ದಶಕದಲ್ಲಿ ಅಚ್ಚು ಹಾಕಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಲಿಂಗನಮಕ್ಕಿಯ ಹಿನ್ನೀರು ಇಲ್ಲದ ಶರಾವತಿ ಅಲ್ಲಿದೆ. 1951 ಮತ್ತು 1961ರ ಜನಗಣತಿ ಕೈಪಿಡಿಗಳಲ್ಲಿ ಊರಿನ ಮನೆ, ಜನರ ಲೆಕ್ಕ ನೋಡಬಹುದು. ಆಮೇಲಿನ ಪಟ್ಟಿಗಳಲ್ಲಿ ನಮ್ಮ ಊರು ಬೇಚರಾಕ್ ಗ್ರಾಮ, ಜನವಸತಿ ಇಲ್ಲದ ಊರು. ಬೇಸಿಗೆಯಲ್ಲಿ ನೀರು ಇಳಿದಾಗ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಹಿರೇಭಾಸ್ಕರದ ಕಟ್ಟೆ ಮೇಲೇಳುತ್ತದೆ, ಆಗ ಹೋಗಿ ನೋಡಿದ್ದೂ ಆಯಿತು. ಕಲ್ಲು, ಕೆಸರು, ಮರದ ಬುಡಗಳು. ಭಾವುಕರಾಗಲು ಒಳ್ಳೆಯ ಜಾಗ, ಮಾಹಿತಿಗೆ ಅಷ್ಟೇನೂ ಅಲ್ಲ.

ಮಾಹಿತಿ ಇದ್ದದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಮಕ್ಕಳ ಜನ್ಮದಿನಾಂಕಗಳನ್ನು ನಂಬಬೇಡಿ. ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ, ಮೇಷ್ಟರ ಕೃಪೆ. ಪೋಷಕರ ಕಲಂ ಮಾತ್ರ ನಂಬಬಹುದು. ಅಲ್ಲಿ ಇಬ್ಬರು ಹುಡುಗರ ಪೋಷಕಿಯಾಗಿ ಮುತ್ತಜ್ಜಿಯ ಹೆಸರು, ಹೆಬ್ಬೆಟ್ಟು. ಆದರೆ ತಂದೆಯ ಹೆಸರು ಇಬ್ಬರಿಗೂ ಬೇರೆ ಬೇರೆ. ಮೊದಲ ಗಂಡ ಚಳಿಜ್ವರದಲ್ಲಿ ಸತ್ತ ಮೇಲೆ ಆಕೆ ಕೂಡಿಕೆಯಾಗಿದ್ದಳು, ಅಂದರೆ ಮರುಮದುವೆಯಾಗಿದ್ದಳು. ನನ್ನ ಅಜ್ಜ ಮೊದಲ ಗಂಡನ ಮಗ, ಚಿಕ್ಕಜ್ಜ ಎರಡನೆಯವರ ಮಗ. ಗೆಜೆಟ್‌ನಲ್ಲಿ ಸಿಕ್ಕ ಹೆಸರು, ರಸೀದಿಯಲ್ಲಿದ್ದ ಹೆಸರು, ಎರಡೂ ಎರಡನೆಯವರದು. ಆತನೂ ಊರು ಬಿಡುವ ಮೊದಲೇ ತೀರಿಕೊಂಡಿದ್ದರು.

ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ, ಯಾರೂ ಆಡದ ಸಂಗತಿ. ಚಿಕ್ಕಜ್ಜ ‘ಅದನ್ನು ಬರೆದು ಈಗ ಏನಾಗಬೇಕಿದೆ?’ ಎಂದರು. ನಾನು ಬರೆದೆ. ನಮ್ಮ ಹಿರಿಯರಲ್ಲಿ ಕೂಡಿಕೆ ಒಪ್ಪಿತವಾಗಿದ್ದ ಪದ್ಧತಿ. ಅದನ್ನು ನಾಚಿಕೆಯ ವಿಷಯ ಮಾಡಿದ್ದು ನಾವು, ಶಾಲೆ ಕಲಿತ ಮೇಲೆ. ಎರಡು ಬಾರಿ ವಿಧವೆಯಾಗಿ, ಎರಡು ಮನೆತನದ ಮಕ್ಕಳನ್ನು ಒಂದೇ ಗಂಜಿ ಪಾತ್ರೆಯಿಂದ ಸಾಕಿದವಳ ಚರಿತ್ರೆಯಲ್ಲಿ ಅರ್ಧವನ್ನು ಬಿಟ್ಟರೆ ಉಳಿಯುವುದು ಆ ‘ದೇವರಂಥವಳು’ ಮಾತ್ರ.

ಆಕೆ ಹೊಳೆ ದಂಡೆಯಿಂದ ತಂದ ವಸ್ತುಗಳಲ್ಲಿ ಉಳಿದಿರುವುದು ಒಂದು ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಇದು. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ವರ್ಷಾವರ್ಷ ಮೇಲೆ ಮೇಲೆ ಬಳಿದು ಅಂಚಿನಲ್ಲಿ ಮಣ್ಣು ಬೆರಳಿನಷ್ಟು ದಪ್ಪವಾಗಿದೆ, ಒಂದು ಕಡೆ ಚಕ್ಕೆ ಎದ್ದು ಒಳಗಿನ ಹಳೆಯ ಎಳೆಗಳು ಕಾಣುತ್ತವೆ. ಕಳಸವಳ್ಳಿಯ ಸೇತುವೆ ಆಗುವ ಮೊದಲು ಲಾಂಚಿನಲ್ಲಿ ಹಿನ್ನೀರು ದಾಟಿ ತುಮರಿ ಕಡೆ ಹೋಗಿದ್ದಾಗ ಒಂದು ಮನೆಯ ಬುಟ್ಟಿಯಲ್ಲಿ ಅದೇ ಎಳೆ, ಅದೇ ಮೂಲೆ ಕಂಡೆ. ಆ ಮನೆಯವರು ತಮ್ಮ ಅಜ್ಜಿ ಸಿದ್ದಾಪುರದ ಕಡೆಯಿಂದ ಬಂದ ಸೊಸೆ ಎಂದರು. ಚಿತ್ತಾರ ಒಂದೇ ಆದ ಮಾತ್ರಕ್ಕೆ ತವರು ಒಂದೇ ಎನ್ನಲಾಗದು. ಆದರೆ ದೊಡ್ಡಮ್ಮ ಕೂಡ ಮುತ್ತಜ್ಜಿಯ ಮಾತು ‘ಘಟ್ಟದಂಚಿನ ಕಡೆಯದು’ ಎಂದಿದ್ದರು.

ಈ ಓಡಾಟದಿಂದ ಜಮೀನಿನ ಹಕ್ಕುಪತ್ರ ಬರುತ್ತದೆಯೇ ಎಂದು ಊರಿನವರು ಕೇಳುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಬಾವಿ, ಬದು, ಸ್ಮಶಾನ, ವಂಶಾವಳಿ, ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ಸಾಕ್ಷ್ಯವೇ. ನಾನು ಕೂಡಿಸಿಟ್ಟದ್ದೂ ಅವನ್ನೇ. ಆದರೆ ಬುಡಕಟ್ಟಿನವರಲ್ಲದ ನಮ್ಮಂಥವರು 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಆ ಕಾಡಿನ ಆಶ್ರಯದಲ್ಲಿದ್ದೆವೆಂದು ತೋರಿಸಬೇಕು. ಅಣೆಕಟ್ಟಿಗಾಗಿ ಸರ್ಕಾರವೇ ತಂದು ಇಳಿಸಿದವರು ಆ 75 ವರ್ಷವನ್ನು ಎಲ್ಲಿಂದ ತರಬೇಕು? ಕಾನೂನು ಬರೆದವರ ಕಣ್ಣಿಗೆ ಆ ಲಾರಿ ಬಿದ್ದಿರಲಿಲ್ಲ.

ಈಗ ಹಿಡಿದಿರುವುದು ತವರಿನ ಎಳೆ. ಸಿದ್ದಾಪುರ ಸಾಗರಕ್ಕೆ ಅಂಟಿಕೊಂಡೇ ಇದೆ, ಆದರೆ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಗುಡ್ಡದಾಚೆಯಿಂದ ಈಚೆಗೆ ಬಂದ ಸೊಸೆ ಒಂದು ರಾಜ್ಯದ ದಾಖಲೆ ಬಿಟ್ಟು ಇನ್ನೊಂದು ರಾಜ್ಯದ ದಾಖಲೆಗೆ ಬರುತ್ತಿದ್ದಳು. ಅಲ್ಲಿನ ಜಮೀನು ಕಾಗದಗಳ ಪದ್ಧತಿಯೇ ಬೇರೆ. ಅಲ್ಲಿಯೂ ಆಕೆಯ ಹೆಸರನ್ನು ಕೇಳಿಕೊಂಡು ಹೋಗುವುದಿಲ್ಲ. ಆಕೆಯ ಅಪ್ಪ ಸತ್ತಾಗ ಜಮೀನು ಯಾರ ಹೆಸರಿಗೆ ಹೋಯಿತು, ಗಂಡುಮಕ್ಕಳಿಲ್ಲದ ಮನೆ ಯಾವುದು ಎಂಬುದನ್ನು ಮೊದಲು ನೋಡುತ್ತೇನೆ.