ನಿಮ್ಮ ಕ್ಯಾವಲಿಯರ್ ಮಲಗಿದಾಗ ಉಸಿರು ಎಣಿಸಿ

ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಸಾಕಿರುವವರಿಗೆ ಒಂದು ಮಾತು. ಈ ತಳಿಯಲ್ಲಿ ಹೃದಯದ ಮೈಟ್ರಲ್ ಕವಾಟದ (ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲಿನ) ತೊಂದರೆ ತುಂಬಾ ಜಾಸ್ತಿ, ಬೇರೆ ನಾಯಿಗಳಿಗಿಂತ ಚಿಕ್ಕ ವಯಸ್ಸಿಗೇ ಶುರುವಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಡಾಕ್ಟರ್ ಹತ್ತಿರ ಎದೆಬಡಿತ ಪರೀಕ್ಷೆ ಮಾಡಿಸಿ.

ಮನೆಯಲ್ಲಿ ನೀವೇ ಮಾಡಬಹುದಾದ್ದೂ ಇದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬತೊಡಗಿದರೆ ನಿದ್ದೆಯಲ್ಲೂ ಉಸಿರು ಜೋರಾಗುತ್ತದೆ, ಅದಕ್ಕೇ ಉಸಿರು ಎಣಿಸಬೇಕು. ನಾಯಿ ಚೆನ್ನಾಗಿ ನಿದ್ದೆ ಹೋದಾಗ ಅದರ ಪಕ್ಕೆ ನೋಡಿ. ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿ, ಬಂದದ್ದನ್ನು ಎರಡರಷ್ಟು ಮಾಡಿ. ಕನಸಿನಲ್ಲಿ ಕಾಲು ಆಡಿಸುತ್ತಿದ್ದರೆ, ಸೆಕೆಗೆ ತೇಕುತ್ತಿದ್ದರೆ ಆಗ ಬೇಡ, ಲೆಕ್ಕ ತಪ್ಪುತ್ತದೆ. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ಸುಮ್ನೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಆರೋಗ್ಯವಾಗಿರುವಾಗಲೇ ಬರೆದಿಟ್ಟುಕೊಂಡರೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ, ಅಲ್ವಾ?

ತೂಕ ಏರಲು ಬಿಡಬೇಡಿ. ಆ ದೊಡ್ಡ ಕಣ್ಣು ನೋಡಿ ಬಿಸ್ಕತ್ತು ಕೊಡದೆ ಇರೋದು ಕಷ್ಟ, ನಿಜ. ಆದರೆ ಹೃದಯಕ್ಕೆ ಅದೇ ಹೊರೆ. ವಾಕಿಂಗ್‌ಗೆ ಕುತ್ತಿಗೆ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಜೋತುಬಿದ್ದ ಕಿವಿಯೊಳಗೆ ಗಾಳಿ ಆಡುವುದಿಲ್ಲ. ಸ್ನಾನವಾದ ಮೇಲೆ, ಮಳೆಯಲ್ಲಿ ನೆನೆದ ಮೇಲೆ ಕಿವಿ ಎತ್ತಿ ಹತ್ತಿಯಿಂದ ಒರೆಸಿ. ಇಯರ್‌ಬಡ್ ಒಳಗೆ ಹಾಕಬೇಡಿ. ಕೆಟ್ಟ ವಾಸನೆ ಬಂದರೆ ತೋರಿಸಿಬಿಡಿ.