ಪದೇ ಪದೇ ರಕ್ತ ಪಡೆಯುವವರು ಪ್ರತಿಕಾಯಗಳ ಮೇಲೆ ಕಣ್ಣಿಡುವುದು ಹೇಗೆ?

ಥಲಸೇಮಿಯಾ ಮೇಜರ್ (ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ಮಕ್ಕಳಿಗೆ 2ರಿಂದ 5 ವಾರಕ್ಕೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ಗುಂಪು ಹೊಂದಿದರೆ ಸಾಕು ಎಂದು ಅನೇಕ ಪೋಷಕರು ತಿಳಿದಿರುತ್ತಾರೆ. ಆದರೆ ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಎ, ಬಿ ಮತ್ತು ಆರ್‌ಎಚ್ ಡಿ ಮಾತ್ರವಲ್ಲದೆ ದೊಡ್ಡ ಸಿ, ಚಿಕ್ಕ ಸಿ, ದೊಡ್ಡ ಇ, ಚಿಕ್ಕ ಇ, ಕೆಲ್, ಕಿಡ್, ಡಫಿ ಮುಂತಾದ ಇನ್ನೂ ಹಲವು ಪ್ರತಿಜನಕಗಳಿರುತ್ತವೆ (ಆ್ಯಂಟಿಜೆನ್, ಅಂದರೆ ಕಣದ ಗುರುತಿನ ಚಿಹ್ನೆಗಳು). ತನ್ನಲ್ಲಿಲ್ಲದ ಪ್ರತಿಜನಕ ದಾನಿಯ ರಕ್ತದ ಮೂಲಕ ಒಳಬಂದಾಗ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ (ಆ್ಯಂಟಿಬಾಡಿ, ಹೊರಗಿನದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್) ತಯಾರಿಸುತ್ತದೆ. ಮುಂದೆ ಅಂಥ ರಕ್ತ ಏರಿಸಿದರೆ ಆ ಕಣಗಳು ಬೇಗನೆ ನಾಶವಾಗುತ್ತವೆ.

ಮೊದಲ ಬಾರಿ ರಕ್ತ ಏರಿಸುವ ಮುನ್ನವೇ ಮಗುವಿನ ಈ ಇತರ ಪ್ರತಿಜನಕಗಳನ್ನೂ ಪರೀಕ್ಷಿಸಿ ಬರೆದಿಡುವಂತೆ ವೈದ್ಯರನ್ನು ಕೇಳಿ. ಆನಂತರ ದಾನಿಯ ಕಣಗಳು ರೋಗಿಯ ಕಣಗಳೊಂದಿಗೆ ಬೆರೆತಿರುವುದರಿಂದ ಮಾಮೂಲಿ ಪರೀಕ್ಷೆಯ ಫಲಿತಾಂಶವನ್ನು ನಂಬುವಂತಿಲ್ಲ. ಆ ಅವಕಾಶ ತಪ್ಪಿದವರಿಗೆ ಡಿಎನ್‌ಎ ಪರೀಕ್ಷೆಯಿದೆ, ಆದರೆ ಅದು ಎಲ್ಲೆಡೆ ಸಿಗದು. ಸಾಧ್ಯವಿರುವ ಕಡೆ ಮೊದಲಿನಿಂದಲೇ ಆರ್‌ಎಚ್ (ಡಿ ಜೊತೆಗೆ ದೊಡ್ಡ, ಚಿಕ್ಕ ಸಿ ಮತ್ತು ಇ) ಮತ್ತು ಕೆಲ್ ಹೊಂದಿಸಿದ ರಕ್ತ ಪಡೆಯುವುದು ಉತ್ತಮ. ಪ್ರತಿಕಾಯಗಳು ಹೆಚ್ಚಾಗಿ ಹುಟ್ಟುವುದು ಇವುಗಳ ವಿರುದ್ಧವೇ.

ಪ್ರತಿ ಸಲವೂ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಜೊತೆಗೆ ಪ್ರತಿಕಾಯದ ಸ್ಕ್ರೀನಿಂಗ್ ಆಗಬೇಕು, ಅದಕ್ಕೆ ಹೊಸ ರಕ್ತದ ಮಾದರಿಯನ್ನೇ ಕೊಡಬೇಕು. ಕಳೆದ 3 ತಿಂಗಳಲ್ಲಿ ರಕ್ತ ಪಡೆದವರ ಮಾದರಿ 3 ದಿನಕ್ಕಿಂತ ಹಳೆಯದಾಗಿರಬಾರದು. ಸ್ಕ್ರೀನಿಂಗ್ ಮಾಡುವಾಗ ರೋಗಿಯ ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು), ಯಾವ ಯಾವ ಪ್ರತಿಜನಕಗಳಿವೆ ಎಂದು ಮೊದಲೇ ಗೊತ್ತಿರುವ ಕಣಗಳೊಂದಿಗೆ ಬೆರೆಸಿ ಜೆಲ್ ಕಾರ್ಡಿನಲ್ಲಿ (ಜೆಲ್ ತುಂಬಿದ ಸಣ್ಣ ಕೊಳವೆಗಳಿರುವ ಕಾರ್ಡ್) ಹಾಕಿ ವೇಗವಾಗಿ ತಿರುಗಿಸುತ್ತಾರೆ: ಪ್ರತಿಕಾಯ ಇಲ್ಲದಿದ್ದರೆ ಕಣಗಳು ಕೊಳವೆಯ ತಳಕ್ಕಿಳಿದು ಕೆಂಪು ಚುಕ್ಕೆಯಾಗಿ ಕೂರುತ್ತವೆ, ಬಲವಾದ ಪ್ರತಿಕಾಯವಿದ್ದರೆ ಅಂಟಿಕೊಂಡು ಮೇಲೆಯೇ ಪಟ್ಟಿಯಂತೆ ನಿಲ್ಲುತ್ತವೆ. ಹಾಗೆ ನಿಂತರೆ, ಅದು ಯಾವ ಪ್ರತಿಕಾಯ ಎಂದು ತಿಳಿಯಲು ಇನ್ನೂ ಹೆಚ್ಚು ಬಗೆಯ ಕಣಗಳಿರುವ ಪ್ಯಾನೆಲ್ ಪರೀಕ್ಷೆ ಬೇಕಾಗುತ್ತದೆ.

ಇಷ್ಟನ್ನೂ ರಕ್ತನಿಧಿಯವರು ನೋಡಿಕೊಳ್ಳುತ್ತಾರೆ. ಮನೆಯವರು ಮಾಡಲೇಬೇಕಾದ, ಆದರೆ ಬಹಳ ಸಲ ಬಿಟ್ಟುಹೋಗುವ ಕೆಲಸವೆಂದರೆ ದಾಖಲೆ ಇಡುವುದು. ಪ್ರತಿಕಾಯದ ಪ್ರಮಾಣ ತಿಂಗಳುಗಳಲ್ಲೇ ಇಳಿದು ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು (ಕಿಡ್ ಪ್ರತಿಕಾಯಗಳು ಇದಕ್ಕೆ ಕುಖ್ಯಾತ), ಆದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಮರೆಯುವುದಿಲ್ಲ. ಊರು ಬದಲಿಸಿದಾಗ ಹೊಸ ಆಸ್ಪತ್ರೆಯ ವರದಿ ‘ನೆಗೆಟಿವ್’ ಎಂದರೂ ಹಳೆಯ ಪ್ರತಿಕಾಯ ಲೆಕ್ಕಕ್ಕಿದೆ. ಆದ್ದರಿಂದ ‘ಆ್ಯಂಟಿ-ಇ (ದೊಡ್ಡ ಇ) ಪತ್ತೆಯಾಗಿದೆ, ದೊಡ್ಡ ಇ ನೆಗೆಟಿವ್ ರಕ್ತವೇ ಬೇಕು’ ಎಂಬಂತೆ ಪ್ರತಿಕಾಯದ ಹೆಸರು, ಪತ್ತೆಯಾದ ದಿನಾಂಕ ಹಾಗೂ ರಕ್ತನಿಧಿಯ ಹೆಸರನ್ನು ಬರೆಸಿಕೊಂಡ ಕಾರ್ಡ್ ಸದಾ ಜೊತೆಗಿರಲಿ, ಅದರ ಫೋಟೊ ಮೊಬೈಲಿನಲ್ಲೂ ಇರಲಿ.

ಒಂದಕ್ಕಿಂತ ಹೆಚ್ಚು ಪ್ರತಿಕಾಯಗಳಿದ್ದರೆ ಹೊಂದುವ ರಕ್ತ ಹುಡುಕಲು ಸಮಯ ಹಿಡಿಯುವುದರಿಂದ, ಮುಂದಿನ ದಿನಾಂಕವನ್ನು ರಕ್ತನಿಧಿಗೆ ಕೆಲವು ದಿನ ಮೊದಲೇ ತಿಳಿಸಿ.

ರಕ್ತ ಏರಿಸಿ ಮನೆಗೆ ಬಂದ ಮೇಲೂ ಸುಮಾರು 2 ವಾರ ಗಮನವಿರಲಿ. ಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಹಿಮೋಗ್ಲೋಬಿನ್ ಬೇಗನೆ ಕುಸಿಯುವುದು ಕಂಡರೆ ಕಾಮಾಲೆಯೆಂದು ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಯಾವ ದಿನ ರಕ್ತ ಏರಿಸಲಾಯಿತು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಆಗ ವೈದ್ಯರು ನೇರ ಕೂಂಬ್ಸ್ ಪರೀಕ್ಷೆಯನ್ನೂ (ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿಕೊಂಡಿದೆಯೇ ಎಂದು ನೋಡುವ ಪರೀಕ್ಷೆ) ಪ್ರತಿಕಾಯದ ಸ್ಕ್ರೀನಿಂಗನ್ನೂ ಮತ್ತೊಮ್ಮೆ ಮಾಡಿಸುತ್ತಾರೆ.